ಕದಲದೆ ಕೂತ ಮೀಟರಣ್ಣ

ಒಂದು ದಿನ ಹಾಯಾಗಿ ಮಲಗಬೇಕು ಎನ್ನುವುದಷ್ಟೇ ಮೀಟರಣ್ಣನ ಆಸೆ. ಅದಕ್ಕಾಗಿ ಅವನು ಹೇಳಿದ್ದೂ ಒಂದೇ ಒಂದು ಸುಳ್ಳು.

ನೀರಿನ ಕಚೇರಿಯಲ್ಲಿ ಅವನದು ಮೀಟರ್ ಓದುವ ಕೆಲಸ. ಹತ್ತೊಂಬತ್ತು ವರ್ಷದಿಂದ ಮನೆಮನೆಯ ಗೇಟು ತೆಗೆದು, ನಾಯಿಗಳ ಜೊತೆ ಸಂಧಾನ ಮಾಡಿಕೊಂಡು, ಗುಂಡಿಯೊಳಗೆ ಬಗ್ಗಿ ಅಂಕಿ ಬರೆದುಕೊಂಡು ಬರುತ್ತಿದ್ದವನಿಗೆ ತಾಯಿ ತಂದೆ ಇಟ್ಟ ಹೆಸರೊಂದಿದೆ ಎನ್ನುವುದನ್ನು ಬೀದಿಯವರೆಲ್ಲ ಮರೆತೇಬಿಟ್ಟಿದ್ದರು.

ಆ ವಾರ ಬಡಾವಣೆಯಲ್ಲಿ ಕಲೆ, ಪ್ರಕೃತಿ, ಸಂಸ್ಕೃತಿ ಸಪ್ತಾಹ. ಮೊದಲ ದಿನ ಹಕ್ಕಿ ನೋಡುವವರು ನಸುಕಿನಲ್ಲೇ ಅವನ ಕಿಟಕಿಯ ಕೆಳಗೆ ನಿಂತು, "ಸದ್ದು ಮಾಡಬೇಡಿ, ಸದ್ದು ಮಾಡಬೇಡಿ" ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿ ಅವನನ್ನು ಎಬ್ಬಿಸಿದರು. ಎರಡನೆಯ ದಿನ ಎದುರುಮನೆಯಲ್ಲಿ ನಾಟಕದ ತಾಲೀಮು. ರಾಜ ಸಾಯುವುದಕ್ಕೇ ಎರಡು ಗಂಟೆ ತೆಗೆದುಕೊಂಡ; ಸತ್ತ ಮೇಲೂ ಮಾತು ನಿಲ್ಲಿಸಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮೀಟರಣ್ಣ ಹೊದಿಕೆಯೊಳಗೆ ತಲೆ ತೂರಿಸಿಕೊಂಡು ಕಚೇರಿಯ ಸೂಪರ್‌ವೈಸರಿಗೆ ಫೋನು ಮಾಡಿದ.

"ಸಾರ್, ಸೊಂಟ ಹಿಡ್ಕೊಂಡ್ಬಿಟ್ಟಿದೆ. ನಿಲ್ಲೋಕೇ ಆಗ್ತಿಲ್ಲ."

ಆ ಸಾಹೇಬರು ರಜೆ ಕೇಳಿದರೆ ತಮ್ಮ ಕಿಡ್ನಿ ಕೇಳಿದಂತೆ ಮುಖ ಮಾಡುವವರು. ಆದರೆ ಅಂದು, "ಆಗ್ಲಿ, ಮಲಕ್ಕೊಳ್ಳಿ" ಎಂದು ಫೋನು ಇಟ್ಟರು. ಮೀಟರಣ್ಣ ತನ್ನ ಅದೃಷ್ಟವನ್ನು ನಂಬಲಾಗದೆ ಮಗ್ಗುಲಾದ. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು. ಅವಳು ಸಪ್ತಾಹದ ಸಮಿತಿಯವಳು.

"ರಜೆನಾ? ಒಳ್ಳೇದಾಯ್ತು. ಹಾಗಾದ್ರೆ ನಮ್ಮ ದೊಡ್ಡ ಕುರ್ಚೀನ ಲೈಬ್ರರಿ ಹಾಲಿಗೆ ಕೊಟ್ಟು ಬಂದ್ಬಿಡಿ. ಇವತ್ತು ಚಿತ್ರ ಬರೆಯೋ ದಿನ."

"ಸೊಂಟ ಹಿಡ್ಕೊಂಡಿದೆ ಕಣೇ."

"ಅದು ಸಾಹೇಬರಿಗೆ ಹೇಳಿದ ಸೊಂಟ ಕಣ್ರೀ. ಮನೇಲಿರೋ ಸೊಂಟ ಗಟ್ಟಿಯಾಗೇ ಇದೆ."

ಕುರ್ಚಿ ಹಳೆಯ ಕಾಲದ ಮರದ್ದು, ಆನೆಮರಿಯಷ್ಟು ಭಾರ. ಅದನ್ನು ತಲೆಯ ಮೇಲೆ ಹೊತ್ತು, ಲೈಬ್ರರಿಯ ಮೂವತ್ತೆರಡು ಮೆಟ್ಟಿಲು ಹತ್ತಿ, ಹಾಲಿನ ನಡುವೆ ಇಳಿಸಿದಾಗ ಮೀಟರಣ್ಣನ ಕಣ್ಣಿಗೆ ಕತ್ತಲೆ ಬಂತು. ಒಂದು ಕ್ಷಣ ಸುಧಾರಿಸಿಕೊಳ್ಳೋಣ ಎಂದು ಅದರ ಮೇಲೆಯೇ ಕುಕ್ಕರಿಸಿ, ಉಸ್ಸೆಂದು ಉಸಿರು ಬಿಟ್ಟ.

"ಆಹಾ, ಹಾಗೇ ಇರಿ. ಕದಲಬೇಡಿ," ಎಂಬ ಮಾತು ಕೇಳಿಸಿತು.

ಹೇಳಿದವರು ಡ್ರಾಯಿಂಗ್ ಮೇಷ್ಟ್ರು. ಅವರ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಚಿತ್ರಕ್ಕೆ ಕೂರಲು ಒಪ್ಪಿದ್ದ ಬೀದಿಕೊನೆಯ ಮೀಸೆ ತಾತ ಕೈಕೊಟ್ಟಿದ್ದರಿಂದ ಅವರು ಯಾರಾದರೂ ಸಿಗುತ್ತಾರೆಯೇ ಎಂದು ಕಾಯುತ್ತಿದ್ದರು. ಮೀಟರಣ್ಣ ಕಣ್ಣುಜ್ಜಿ ನೋಡಿದರೆ ಸುತ್ತಲೂ ದುಂಡಗೆ ಜನ. ಎಲ್ಲರ ತೊಡೆಯ ಮೇಲೆ ಹಲಗೆ, ಕೈಯಲ್ಲಿ ಪೆನ್ಸಿಲು.

"ಮೇಷ್ಟ್ರೇ, ನಾನು ಕುರ್ಚಿ ಕೊಡೋಕೆ ಬಂದೋನು."

"ಮಾತಾಡಿದ್ರೆ ತುಟಿ ಕದಲುತ್ತೆ. ಶುರು ಮಾಡಿಯಾಯ್ತು, ಪಾಪ, ಅವರ ಕಾಗದ ಹಾಳಾಗುತ್ತೆ."

ಯಾರ ಕಾಗದವನ್ನೂ ಹಾಳು ಮಾಡುವ ಜಾಯಮಾನ ಮೀಟರಣ್ಣನದಲ್ಲ. ಕೂರುವುದೂ ಒಂದು ಬಗೆಯ ಮಲಗುವುದೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡ. ಕಿಟಕಿಯಿಂದ ತಂಗಾಳಿ ಬರುತ್ತಿತ್ತು. ಪೆನ್ಸಿಲುಗಳ ಸರಪರ ಸದ್ದು ಕಿವಿಗೆ ಹಿತವಾಗಿತ್ತು. ಇಷ್ಟು ಜನ ತನ್ನನ್ನು ಇಷ್ಟು ಹೊತ್ತು ನೋಡಿದ್ದು ಮದುವೆಯ ದಿನ ಬಿಟ್ಟರೆ ಇವತ್ತೇ ಎನ್ನಿಸಿ ಒಳಗೊಳಗೇ ಖುಷಿಯೂ ಆಯಿತು.

ಆ ಖುಷಿಗೆ ಮೊದಲು ಕೈಹಾಕಿದವಳು ಟೈಲರಕ್ಕ. "ಈ ಶರ್ಟು ತೊಳೆದ ಮಡಕೆ ಥರ ಇದೆ. ಸ್ವಲ್ಪ ಬಣ್ಣ ಬೇಕಪ್ಪಾ," ಎಂದು ಎದ್ದು ಬಂದು ಕಿತ್ತಳೆ ಬಣ್ಣದ ಶಾಲೊಂದನ್ನು ಅವನ ಹೆಗಲಿಗೆ ಸುತ್ತಿದಳು. ಅವಳ ಹಿಂದೆಯೇ ಹಲ್ಲಿನ ಡಾಕ್ಟರು ಬಂದರು. "ಗಲ್ಲ ಮೇಲೆತ್ತಿ. ಇನ್ನೊಂಚೂರು. ಬಾಯಿ ತೆಗೀರಿ," ಎಂದವರು ಚಿತ್ರ ಮರೆತು ಒಳಗೆ ಇಣುಕಿ, "ಕೆಳಗಡೆ ಎರಡನೇದು ಹುಳುಕು. ಸೋಮವಾರ ಬನ್ನಿ," ಎಂದು ಹೋಗಿ ಕೂತರು.

ಮೇಷ್ಟ್ರು ದೂರ ನಿಂತು ತಲೆ ಓರೆ ಮಾಡಿ ನೋಡಿದರು. "ಕಲೆ ಆಯ್ತು. ಪ್ರಕೃತಿ ಎಲ್ಲಿ?" ಎಂದು ಮೆಟ್ಟಿಲ ಬಳಿಯಿದ್ದ ಹೂಕುಂಡ ತಂದು ಅವನ ತೊಡೆಯ ಮೇಲಿಟ್ಟರು. ಮತ್ತೆ ನೋಡಿ, "ಸಂಸ್ಕೃತಿ?" ಎಂದು ತಮ್ಮನ್ನೇ ಕೇಳಿಕೊಂಡು, ಕಪಾಟಿನಲ್ಲಿದ್ದ ಅತಿ ದಪ್ಪನೆಯ ನಿಘಂಟನ್ನು ಅವನ ಬಲಗೈಗೆ ಕೊಟ್ಟರು.

ಹೂಕುಂಡದಲ್ಲಿ ಇರುವೆಗಳ ಸಂಸಾರವಿತ್ತು. ಮೊದಲ ಇರುವೆ ತೋಳಿನ ದಾರಿ ಹಿಡಿದು ಮೊಣಕೈ ದಾಟಿ ಕಂಕುಳಿನ ತಿರುವಿನಲ್ಲಿ ನಿಂತಿತು. ಮುಂದೆ ದಾರಿ ಚೆನ್ನಾಗಿದೆ ಎಂದು ಉಳಿದವರಿಗೆ ಸುದ್ದಿ ಕಳಿಸಿರಬೇಕು. ಮೀಟರಣ್ಣ ಹಲ್ಲು ಕಚ್ಚಿ ಹಿಡಿದ. ಬೆನ್ನ ಹಿಂದೆ ಯಾರೋ ಗಾಢವಾಗಿ ಉಸಿರಾಡುತ್ತ ರಬ್ಬರಿನಿಂದ ಉಜ್ಜುವುದು ಕೇಳಿಸುತ್ತಿತ್ತು. ಯಾರೆಂದು ನೋಡಲು ಕತ್ತು ತಿರುಗಿಸಿದರೆ ಆರೇಳು ದನಿ ಒಟ್ಟಿಗೆ, "ಕದಲಬೇಡಿ," ಎಂದವು.

ಅಷ್ಟರಲ್ಲಿ ಟೈಲರಕ್ಕ ಹೇಳಿದಳು: "ಸಂಜೆ ಚಿತ್ರಗಳನ್ನೆಲ್ಲ ನೀರಿನ ಕಚೇರಿ ಕಾಂಪೌಂಡಿಗೆ ನೇತುಹಾಕ್ತಾರಂತೆ. ಅಲ್ಲೇ ಅಲ್ವಾ ಜನ ಜಾಸ್ತಿ ಓಡಾಡೋದು?"

ಮೀಟರಣ್ಣನ ಕಣ್ಣ ಮುಂದೆ ಆ ಗೋಡೆ ಬಂತು. ನಿಲ್ಲಲಾಗದೆ ಮಲಗಿರುವ ನೌಕರನ ಮುಖ, ಕಿತ್ತಳೆ ಶಾಲು ಹೊದ್ದು, ಕಚೇರಿಯ ಗೋಡೆಯ ಮೇಲೆಯೇ ಸಾಲಾಗಿ. ಸಾಹೇಬರು ನೋಡಿದರೆ ಗತಿಯೇನು?

ಎದ್ದು ಓಡುವಂತಿರಲಿಲ್ಲ, ತೊಡೆಯ ಮೇಲೆ ಪ್ರಕೃತಿ, ಕೈಯಲ್ಲಿ ಸಂಸ್ಕೃತಿ. ಉಳಿದದ್ದೊಂದೇ ದಾರಿ, ಮುಖವನ್ನೇ ಬದಲಾಯಿಸುವುದು. ಅವನು ಕೆನ್ನೆ ಉಬ್ಬಿಸಿದ. ಒಂದು ಕಣ್ಣು ಕಿರಿದು ಮಾಡಿದ. ಕೆಳತುಟಿಯನ್ನು ಕೊಡ ಬಗ್ಗಿಸಿದ ಹಾಗೆ ಜೋಲು ಬಿಟ್ಟ. ಹತ್ತು ನಿಮಿಷಕ್ಕೊಂದು ಮುಖ ಬದಲಾಗುವುದನ್ನು ಕಂಡು ಬರೆಯುವವರು ಅಳಿಸಿ ಅಳಿಸಿ ಸುಸ್ತಾದರು. ಮೇಷ್ಟ್ರು ಮಾತ್ರ ಭಾವಪರವಶರಾದರು. "ನೋಡಿ, ಅನುಭವ ಇರೋರು ಅಂದ್ರೆ ಹೀಗೆ. ಎಷ್ಟು ಭಾವ, ಎಷ್ಟು ನೋವು ಆ ಮುಖದಲ್ಲಿ." ನೋವು ನಿಜವೇ ಆಗಿತ್ತು, ಇರುವೆ ಸೊಂಟದವರೆಗೆ ಇಳಿದಿತ್ತು.

ಮಧ್ಯಾಹ್ನ ಗಂಟೆ ಬಾರಿಸಿದಾಗ ಮೀಟರಣ್ಣ ಏಳಲು ಹೋದ. ಆಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ. ಸೊಂಟ ನಿಜವಾಗಿಯೂ ಹಿಡಿದುಕೊಂಡಿತ್ತು. ಹಲ್ಲಿನ ಡಾಕ್ಟರು ಒಂದು ಕಡೆ, ಟೈಲರಕ್ಕ ಒಂದು ಕಡೆ ಹಿಡಿದು ಅವನನ್ನು ಸೊನ್ನೆಯ ಆಕಾರದಿಂದ ಪ್ರಶ್ನಾರ್ಥಕ ಚಿಹ್ನೆಯ ಆಕಾರಕ್ಕೆ ತರುವ ಹೊತ್ತಿಗೆ ಬೆನ್ನ ಹಿಂದಿದ್ದವರು ಚಿತ್ರವಿಟ್ಟು ಹೊರಟುಹೋಗಿದ್ದರು.

"ಚಿತ್ರ ನಾನೇ ಹಾಕ್ತೀನಿ ಮೇಷ್ಟ್ರೇ," ಎಂದ ಮೀಟರಣ್ಣ.

"ಇಷ್ಟು ಸೊಂಟ ನೋವಲ್ಲೂ? ಎಂಥಾ ಮನುಷ್ಯರಪ್ಪಾ ನೀವು," ಎಂದು ಮೇಷ್ಟ್ರು ಹನ್ನೆರಡು ಹಾಳೆ ಎಣಿಸಿ ಕೊಟ್ಟರು. "ಒಂದೂ ಕಮ್ಮಿಯಾಗಬಾರದು, ಬಂದು ನೋಡ್ತೀನಿ."

ಕಾಂಪೌಂಡಿನ ಬಳಿ ಹೆಂಡತಿಯ ಜೊತೆ ಹಗ್ಗ ಕಟ್ಟಿ, ಮೀಟರಣ್ಣ ಒಂದೊಂದೇ ಹಾಳೆಯ ಸುರುಳಿ ಬಿಚ್ಚಿದ. ಟೈಲರಕ್ಕ ಶಾಲಿನ ಹೊಲಿಗೆಯನ್ನೆಲ್ಲ ಒಂದೂ ಬಿಡದೆ ಬರೆದಿದ್ದಳು. ಕತ್ತಿನಿಂದ ಮೇಲೆ ಏನೂ ಇರಲಿಲ್ಲ. ಡಾಕ್ಟರದು ಬರೀ ಹಲ್ಲು. ಇನ್ನೊಂದರಲ್ಲಿ ಕುಂಬಳಕಾಯಿಯೊಂದು ನಿಘಂಟು ಓದುತ್ತಿತ್ತು. ಹನ್ನೊಂದು ಚಿತ್ರದಲ್ಲಿ ಒಂದರಲ್ಲೂ ಅವನಿರಲಿಲ್ಲ. ಬದುಕಿದೆ ಎನಿಸಿತು. ಜೊತೆಗೇ, ಹತ್ತೊಂಬತ್ತು ವರ್ಷ ಇವರ ಮನೆ ಬಾಗಿಲಿಗೆ ಹೋಗಿದ್ದೇನಲ್ಲ, ಒಬ್ಬರೂ ನನ್ನ ಮುಖ ನೋಡಿಯೇ ಇಲ್ಲವೇ ಎಂದು ಚೂರು ಬೇಜಾರೂ ಆಯಿತು.

ಹನ್ನೆರಡನೆಯದನ್ನು ಬಿಚ್ಚಿದಾಗ ಹೆಂಡತಿ ಹತ್ತು ಹೆಜ್ಜೆ ದೂರದಿಂದಲೇ, "ಅಯ್ಯೋ, ಇದು ನೀವೇ ಕಣ್ರೀ," ಎಂದಳು.

ಬೆನ್ನಿನ ಕಡೆಯಿಂದ ಬರೆದ ಚಿತ್ರ. ನೆತ್ತಿಯ ಬೋಳು, ಚೀಲ ಹೊತ್ತು ಹೊತ್ತು ಜಾರಿದ ಎಡಹೆಗಲು, ಹೂಜಿಯ ಹಿಡಿಯಂಥ ಕಿವಿ. ಮೀಟರಣ್ಣ ತನ್ನ ಬೆನ್ನನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆದರೂ ನೋಡಿದೊಡನೆ ಗುರುತು ಹತ್ತಿತು. ಹರಿಯುವಂತಿಲ್ಲ, ಮೇಷ್ಟ್ರ ಲೆಕ್ಕ ತಪ್ಪುತ್ತದೆ. ಕಾಂಪೌಂಡಿನ ತುದಿಯಲ್ಲಿ ಬಳ್ಳಿ ದಟ್ಟವಾಗಿ ಹಬ್ಬಿದ್ದ ಕಡೆ, ಎಲೆಗಳ ಹಿಂದೆ ಅದನ್ನು ಸಿಕ್ಕಿಸಿಬಿಟ್ಟ.

ಸಂಜೆ ಐದೂವರೆಗೆ ಸಾಹೇಬರು ಬಂದರು. ಮೀಟರಣ್ಣ ಓಡಬೇಕೆಂದುಕೊಂಡ, ಸೊಂಟ ಒಪ್ಪಲಿಲ್ಲ. ಅವರು ಮೊದಲ ಚಿತ್ರ ನೋಡಿದರು, ಎರಡನೆಯದು ನೋಡಿದರು, ಏನನ್ನೋ ಹುಡುಕುವವರಂತೆ ಹನ್ನೊಂದನ್ನೂ ದಾಟಿ ತುದಿಗೆ ಹೋದರು. ಬಳ್ಳಿ ಸರಿಸಿದರು.

ಟೈಲರಕ್ಕ ಸುಮ್ಮನಿರಬೇಕಲ್ಲ. "ಸಾರ್, ಅದು ನಿಮ್ಮ ಕಚೇರಿಯ ಮೀಟರಣ್ಣನೇ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಕಲ್ಲು ಕೂತ ಹಾಗೆ ಕೂತಿದ್ದರು," ಎಂದು ಅಭಿಮಾನದಿಂದ ಹೇಳಿ ಮುಂದೆ ಹೋದಳು.

ಸಾಹೇಬರು ತಿರುಗಿದರು. "ನಿಲ್ಲೋಕೆ ಆಗ್ತಿಲ್ಲ ಅಂದಿದ್ರಿ."

"ಹೌದು ಸಾರ್. ಅದಕ್ಕೇ ಕೂತಿದ್ದೆ."

ಸಾಹೇಬರು ನಗಲಿಲ್ಲ. "ಈ ಚಿತ್ರಾನ ಎಲೆ ಹಿಂದೆ ಹಾಕಿದ್ದು ಯಾರು?"

"ನಾನೇ ಸಾರ್. ತಪ್ಪಾಯ್ತು."

"ಯಾಕೆ?" ಸಾಹೇಬರ ದನಿ ಸಣ್ಣಗಾಯಿತು. "ಅಷ್ಟು ಕೆಟ್ಟದಾಗಿದೆಯಾ?"

ಮೀಟರಣ್ಣ ತಲೆಯೆತ್ತಿ ನೋಡಿದ. ಸಾಹೇಬರ ಬೆರಳ ತುದಿಗಳೆಲ್ಲ ಪೆನ್ಸಿಲಿನ ಮಸಿ.

"ಸಾರ್, ನನ್ನ ಹಿಂದೆ ಇದ್ದಿದ್ದು..."

"ಮೆತ್ತಗೆ ಮಾತಾಡಿ. ಹೆಡ್ ಆಫೀಸಿಗೆ ಹೋಗ್ತೀನಿ ಅಂತ ಹೇಳಿ, ಯಾರಿಗೂ ಗುರುತು ಸಿಗದ ಹಾಗೆ ಮಫ್ಲರಿನಲ್ಲಿ ಮುಖ ಮುಚ್ಕೊಂಡು ಬಂದಿದ್ದೆ."

ಮೀಟರಣ್ಣನ ಜೀವದಲ್ಲಿ ಜೀವ ಬಂತು. ಬೆಳಗಿನಿಂದ ಹೊತ್ತ ಭಾರವೆಲ್ಲ ಒಮ್ಮೆಗೇ ಇಳಿಯಿತು. ಆ ಹಗುರದಲ್ಲಿ ಅವನಿಗೆ ಧೈರ್ಯವೂ ಬಂತು. "ಮುಖದ ಕಡೆ ಯಾಕೆ ಕೂರಲಿಲ್ಲ ಸಾರ್?"

"ಐದು ಗಂಟೆ ಆದ ಕೂಡಲೇ ನಾನು ದಿನಾ ನೋಡೋದು ನಿಮ್ಮ ಬೆನ್ನನ್ನೇ ತಾನೇ? ಅದೇ ಚೆನ್ನಾಗಿ ಗೊತ್ತು."

ಇಲ್ಲಿಗೆ ಕೈಮುಗಿದು ಮನೆಗೆ ಹೋಗಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ಮೀಟರಣ್ಣನದು ತುಂಬಿದ ಮನಸ್ಸು. "ಸಾರ್, ನಿಜ ಹೇಳ್ತೀನಿ. ಹನ್ನೆರಡರಲ್ಲಿ ಇದೊಂದೇ ನಾನು. ನಮ್ಮನೆಯವಳು ಅಷ್ಟು ದೂರದಿಂದಲೇ ಗುರುತು ಹಿಡಿದ್ಲು," ಎಂದುಬಿಟ್ಟ.

ಸಾಹೇಬರ ಮುಖ ದೀಪ ಹಚ್ಚಿದ ಹಾಗಾಯಿತು. ಹತ್ತೊಂಬತ್ತು ವರ್ಷದಲ್ಲಿ ಆ ಮುಖದಲ್ಲಿ ಇಂಥ ಬೆಳಕನ್ನು ಮೀಟರಣ್ಣ ಕಂಡಿರಲಿಲ್ಲ. ಅವರು ಚಿತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಆದ್ರೆ ಕಿವಿ ಸರಿ ಬಂದಿಲ್ಲ."

"ಪರವಾಗಿಲ್ಲ ಬಿಡಿ ಸಾರ್."

"ಬಿಡೋ ಮಾತೇ ಇಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮನೆಗೆ ಬಂದ್ಬಿಡಿ. ಹೇಗೂ ನಿಮಗೆ ರಜೆ."

ಮೀಟರಣ್ಣ ಕಿವಿ ಮುಟ್ಟಿ ನೋಡಿಕೊಂಡ. "ಎಷ್ಟು ಭಾನುವಾರ ಸಾರ್?"

"ಈ ಕಿವಿ ಸರಿ ಬರೋವರೆಗೆ ಅಷ್ಟೇ," ಎಂದು ಸಾಹೇಬರು ಪ್ರೀತಿಯಿಂದ ಅವನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ ನೋಡಿದರು. "ಆಮೇಲೆ ಆ ಕಡೆ ಕಿವಿ."