ಜಿಗ್ಗಿಗೆ ಬಳಿದ ಬಣ್ಣ

ಆ ಭಾನುವಾರ ಬೆಳಿಗ್ಗೆ ಹೂಡಿ ಕೆರೆ ಏರಿಯ ಮೇಲೆ ನಿಂತಿದ್ದ ರಾಮಾಂಜಿನಪ್ಪನ ಗಾಳದ ದಾರ ಮತ್ತೆ ಟಪ್ಪನೆ ಕಿತ್ತುಹೋಯಿತು.

ಕಿತ್ತುಹೋಗುವುದೇನೂ ಹೊಸದಲ್ಲ. ಹೋದ ಭಾನುವಾರವೂ ಕಿತ್ತಿತ್ತು, ಅದರ ಹಿಂದಿನ ಭಾನುವಾರವೂ ಕಿತ್ತಿತ್ತು. ಆದರೆ ಇವತ್ತು ಕೀಳಬಾರದಿತ್ತು. ಮಧ್ಯಾಹ್ನ ಅವನ ಮನೆಗೆ ಊಟಕ್ಕೆ ಬರುವವರು ಅವನು ದುಡಿಯುವ ಫ್ಯಾನ್ ಕಂಪನಿಯ ಪೇಂಟ್ ಶಾಪ್ ಫೋರ್‌ಮನ್ ಪಾಪಯ್ಯನವರು. ಶಾಪಿನಲ್ಲಿ ಇನ್‌ಸ್ಪೆಕ್ಟರ್ ಜಾಗ ಖಾಲಿ ಬಿದ್ದಿತ್ತು. ಅದಕ್ಕೆ ಯಾರನ್ನು ಕೂರಿಸಬೇಕೆನ್ನುವುದು ಪಾಪಯ್ಯನವರ ತಲೆಗೆ ಬಿಟ್ಟದ್ದು. ಅವರ ತಲೆ ಎಲ್ಲ ಮುಖ್ಯ ವಿಷಯಗಳಲ್ಲೂ ನಾಲಿಗೆಯ ಸಲಹೆ ಪಡೆಯುತ್ತಿತ್ತು. ನಾಲಿಗೆಗೋ ಕೊರಮೀನು ಎಂದರೆ ಪ್ರಾಣ.

ಇಷ್ಟು ವರ್ಷ ಸ್ಪ್ರೇ ಗನ್ ಹಿಡಿದು ಸೀನಿದರೂ ಬಣ್ಣ ಬರುವಂತಾಗಿದ್ದ ರಾಮಾಂಜಿನಪ್ಪನಿಗೆ, ಬಿಳಿ ಕೋಟು ತೊಟ್ಟು ಬೇರೆಯವರು ಬಳಿದ ಬಣ್ಣದಲ್ಲಿ ತಪ್ಪು ಹುಡುಕುವ ಆ ಸುಖದ ಕೆಲಸ ಬೇಕಿತ್ತು. ಅದಕ್ಕೇ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಮಾರ್ಕೆಟ್ ಮೀನು ಯಾಕ್ ಸಾರ್? ನಾನೇ ಮಾಡಿರೋ ಜಿಗ್ಗಲ್ಲಿ ನಾನೇ ಹಿಡಿದ ಕೊರಮೀನು ತಿನ್ನುಸ್ತೀನಿ, ಬನ್ನಿ" ಎಂದುಬಿಟ್ಟಿದ್ದ.

ಜಿಗ್ಗೆಂದರೆ ಎರೆಹುಳ ಕೇಳದ ಮರ್ಯಾದಸ್ಥ ಗಾಳ. ಕೊಕ್ಕೆಯ ತಲೆಗೆ ಸೀಸ ಕರಗಿಸಿ ಎರೆದು, ಮರಿಮೀನಿನ ಹಾಗೆ ಬಣ್ಣ ಬಳಿದು, ನೀರಿನಲ್ಲಿ ಕುಣಿಸಿದರೆ ದೊಡ್ಡ ಮೀನು ಮೋಸಹೋಗಿ ನುಂಗುತ್ತದೆ. ವೈಟ್‌ಫೀಲ್ಡಿನ ಒಬ್ಬ ಆಂಗ್ಲೋ ಇಂಡಿಯನ್ ಮುದುಕ ಆಸ್ಟ್ರೇಲಿಯಾಕ್ಕೆ ಹೊರಡುವಾಗ ತನ್ನ ರಾಟೆಯ ಗಾಳದ ಕೋಲನ್ನೂ ಈ ವಿದ್ಯೆಯನ್ನೂ ರಾಮಾಂಜಿನಪ್ಪನಿಗೆ ಕೊಟ್ಟುಹೋಗಿದ್ದ. ಮುದುಕ ಒಂದು ಕೋಟು ಬಣ್ಣ ಬಳಿಯುತ್ತಿದ್ದ. ಕಸುಬುದಾರ ರಾಮಾಂಜಿನಪ್ಪ ಮೂರು ಬಳಿದ. ಕೇಸರಿ ಬಣ್ಣದ ಎನಾಮಲ್, ಹಳದಿ ಪಟ್ಟೆ, ಕರಿ ಕಣ್ಣು. ಮದುವೆಗೆ ಹೊರಟ ಲಾರಿಯ ಹಾಗೆ ಮಿಂಚುತ್ತಿದ್ದ ಆ ಜಿಗ್ಗುಗಳನ್ನು ಮೀನುಗಳು ಮೆಚ್ಚಿಕೊಂಡದ್ದೇನೋ ನಿಜ. ಕಚ್ಚಿದವು, ದಾರ ಕಿತ್ತವು, ಜಿಗ್ಗಿನ ಸಮೇತ ಹೋದವು.

"ದಾರ ಸರಿಯಿಲ್ಲ ಕಣ್ರೀ," ಎಂದ ಲಕ್ಷ್ಮಯ್ಯ. ಇವನು ರಿಟೈರಾದ ಕರೆಂಟ್ ಲೈನ್‌ಮನ್. ಕಂಬ ಹತ್ತುವ ಕೆಲಸ ನಿಂತ ಮೇಲೆ ಕೆರೆ ಏರಿಯ ಮೇಲೆ ಕೂತು, ಕೇಳದವರಿಗೆಲ್ಲ ಬುದ್ಧಿ ಹೇಳುವ ಕೆಲಸ ಹಿಡಿದಿದ್ದ.

ಪಕ್ಕದಲ್ಲೇ ಇದ್ದ ಅಂಗಡಿ ದಾಸಪ್ಪನಿಗೆ ಬಿಸಿ ತಾಗಿತು. ದಾರ ಅವನ ಅಂಗಡಿಯದು. "ಏನು? ದಾರ ಸರಿಯಿಲ್ವಾ? ಎಮ್ಮೆ ಕಟ್ಟಿದ್ರೂ ಕೀಳಾಕಿಲ್ಲ ಇದು. ಗಂಟು ಆಕೋಕ್ ಬರ್ದೆ ಇದ್ರೆ ಅದ್ಕೆ ನಾನೇನ್ ಮಾಡ್ಲಿ?"

"ಗಂಟಾ? ಕೊಡಿ ಇಲ್ಲಿ!" ಲಕ್ಷ್ಮಯ್ಯ ಕಿತ್ತುಕೊಂಡ. "ಐ ಟೆನ್ಷನ್ ತಂತಿ ಬಿಗ್ದಿರೋ ಕೈ ಇದು." ಎರಡನೇ ಜಿಗ್ಗಿಗೆ ಅವನು ಹಾಕಿದ ಗಂಟು ಜಿಗ್ಗಿಗಿಂತಲೂ ದಪ್ಪವಾಗಿತ್ತು.

ರಾಮಾಂಜಿನಪ್ಪ ಬೀಸಿದ. ಜೊಂಡಿನ ಪಕ್ಕ ನೀರು ಉಕ್ಕಿತು, ಕೋಲು ಬಿಲ್ಲಿನ ಹಾಗೆ ಬಾಗಿತು. ಏರಿಯ ಮೇಲಿದ್ದವರೆಲ್ಲ ಎದ್ದು ನಿಂತರು. "ಎಳೀರಿ! ಎಳೀಬೇಡಿ! ಸಡ್ಲ ಬಿಡಿ! ಬಿಗಿ ಇಡೀರಿ!" ಒಬ್ಬ ಮನುಷ್ಯ ಒಟ್ಟಿಗೆ ಮಾಡಲಾಗದ ಎಲ್ಲ ಸಲಹೆಗಳೂ ಒಟ್ಟಿಗೆ ಬಂದವು. ಟಪ್! ಎಳೆಯುತ್ತಿದ್ದ ಜೋರಿಗೆ ರಾಮಾಂಜಿನಪ್ಪ ಹಿಂದಕ್ಕೆ ಹೋಗಿ, ಎಮ್ಮೆಗಳು ಆಗತಾನೇ ಎದ್ದುಹೋಗಿದ್ದ ಕೆಸರಿನಲ್ಲಿ ಕೂತ.

"ನನ್ ಗಂಟು ಬಿಚ್ಚಿಲ್ಲ ನೋಡಿ," ಎಂದ ಲಕ್ಷ್ಮಯ್ಯ ಹೆಮ್ಮೆಯಿಂದ. "ಅದ್ರ ಮೇಲೆ ಕಿತ್ತಿದೆ." ಗಂಟು ಮೀನಿನ ಜೊತೆ ಹೋಗಿದ್ದರಿಂದ ಈ ಮಾತನ್ನು ಪರೀಕ್ಷಿಸುವ ದಾರಿ ಯಾರಿಗೂ ಇರಲಿಲ್ಲ.

ಕೆರೆಯ ಮೀನು ಹರಾಜಿನಲ್ಲಿ ಹಿಡಿದಿದ್ದ ನರಸಪ್ಪ ಹುಣಸೆಮರದ ಕೆಳಗೆ ಬಲೆಯ ಹರಕು ಹೊಲಿಯುತ್ತಿದ್ದ. ಅವನೊಬ್ಬನೇ ನಗಲಿಲ್ಲ. "ಓಗ್ಲಿ ಬಿಡಿ ಸಾರ್, ಇನ್ನೊಂದ್ ಆಕಿ," ಎಂದು ಸಮಾಧಾನ ಹೇಳಿ, ಬುಟ್ಟಿ ತಗೊಂಡು ಜೊಂಡಿನ ಕಡೆಗೆ ನಡೆದ. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡ ರಾಮಾಂಜಿನಪ್ಪ, ಪಂಚೆಯಿಂದ ಕೆಸರು ಹಿಂಡುತ್ತ.

ಅಷ್ಟರಲ್ಲಿ ಹೆಂಡತಿ ಈಶ್ವರಮ್ಮ ಬಂದಳು. ಕೈಯಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ.

"ಮಸಾಲೆ ರುಬ್ಬಾಯ್ತು. ಮೀನೆಲ್ಲಿ?"

"ಕೆರೇಲಿ."

"ಅಮ್ಮನೂ ಅದೇ ಅಂದ್ರು. ರಾಹುಕಾಲ, ಯಮಗಂಡ ಯಾವ್ದೂ ನೋಡ್ದೆ ಓಗಿದಾನೆ, ಅದ್ಕೇ ದಾರ ಕೀಳ್ತಿದೆ ಅಂತ. ಇದನ್ನ ಕೋಲಿಗೆ ಕಟ್ಬೇಕಂತೆ."

ಅತ್ತೆ ಪಿಳ್ಳಮ್ಮ ಮನೆ ಬಿಟ್ಟು ಕದಲುತ್ತಿರಲಿಲ್ಲ; ಅವಳ ಅಭಿಪ್ರಾಯಗಳು ಮಾತ್ರ ಊರೆಲ್ಲ ಓಡಾಡುತ್ತಿದ್ದವು. ರಾಮಾಂಜಿನಪ್ಪ ಕೋಲಿಗೆ ನಿಂಬೆಹಣ್ಣು ಕಟ್ಟಿದ. ದಾಸಪ್ಪ ಅಂಗಡಿಗೆ ಓಡಿ ಇನ್ನೂ ದಪ್ಪನೆಯ ದಾರ ತಂದ. ಅದಕ್ಕೆ ಎಮ್ಮೆಯ ಬದಲು ಕೋಣದ ಗ್ಯಾರಂಟಿ ಕೊಟ್ಟ. ಲಕ್ಷ್ಮಯ್ಯ ಗಂಟಿನ ಮೇಲೆ ಗಂಟು ಹಾಕಿದ. ಮೂರನೇ ಜಿಗ್ಗು ನೀರಿಗೆ ಬಿತ್ತು. ಮೀನು ಬಂತು, ಕಚ್ಚಿತು. ದಾರ ಟಪ್ಪೆಂದಿತು. ನಿಂಬೆಹಣ್ಣು ಗಟ್ಟಿಯಾಗಿ ಕೋಲಿನಲ್ಲೇ ಉಳಿಯಿತು. ಪಿಳ್ಳಮ್ಮನ ಮಾತಿನ ಶಕ್ತಿ ಅಷ್ಟರ ಮಟ್ಟಿಗೆ ಸಾಬೀತಾಯಿತು.

ಈಗ ಉಳಿದದ್ದು ಒಂದೇ ಜಿಗ್ಗು. ರಾಮಾಂಜಿನಪ್ಪನಿಗೆ ಬಿಳಿ ಕೋಟೊಂದು ರೆಕ್ಕೆ ಬಡಿಯುತ್ತ ಕೆರೆಯಾಚೆಗೆ ಹಾರಿಹೋಗುತ್ತಿರುವುದು ಕಂಡಂತಾಯಿತು. ಲಕ್ಷ್ಮಯ್ಯನ ಕೈಗೆ ಕೊಡದೆ ತಾನೇ ಗಂಟು ಹಾಕಿದ. ಮಿಕ್ಕ ದಾರದ ತುದಿಯನ್ನು ಹಲ್ಲಿನಿಂದ ಕಡಿಯಲು ಜಿಗ್ಗನ್ನು ಬಾಯಿಯ ಹತ್ತಿರ ತಂದ.

"ಅಯ್ಯೋ!"

ತುಟಿಯಿಂದ ರಕ್ತ ತೊಟ್ಟಿಕ್ಕಿತು. ಕೊಕ್ಕೆ ಚುಚ್ಚಿರಲಿಲ್ಲ, ಅದು ಆ ತುದಿಯಲ್ಲಿತ್ತು. ಕೊಯ್ದದ್ದು ದಾರ ಪೋಣಿಸುವ ತೂತು. ರಾಮಾಂಜಿನಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಮೂರು ಕೋಟಿನ ಎನಾಮಲ್ ತೂತಿನೊಳಗೂ ಇಳಿದು ಕಲ್ಲಿನ ಹಾಗೆ ಒಣಗಿತ್ತು. ದಾರ ತೂರಿಸಲು ತಾನೇ ಮೊಳೆ ಹೊಡೆದು ಅದನ್ನು ಒಡೆದಿದ್ದ. ಒಡೆದ ಬಣ್ಣದ ಅಂಚು ಗಾಜಿನ ಚೂರಿನ ಹಾಗೆ ಸುತ್ತಲೂ ಹಲ್ಲು ಕಿರಿಯುತ್ತಿತ್ತು. ಇಷ್ಟು ವಾರ ಮೀನು ದಾರ ಕಿತ್ತಿರಲಿಲ್ಲ. ಅವನ ಬಣ್ಣವೇ ಕೊಯ್ದಿತ್ತು.

"ದಾರಾನೂ ಅಲ್ಲ, ಗಂಟೂ ಅಲ್ಲ, ರಾಹುಕಾಲಾನೂ ಅಲ್ಲ ಕಣ್ರಯ್ಯಾ! ಬಣ್ಣ! ತೂತಿನೊಳಗಿನ ಬಣ್ಣ!"

"ನಾನ್ ಆಗ್ಲೇ ಅಂದ್ಕೊಂಡೆ," ಎಂದ ಲಕ್ಷ್ಮಯ್ಯ.

"ದಾರ ಸರಿಗಿದೆ ಅಂತ ನಾನು ಬಾಯ್ಬಿಟ್ಟೇ ಅಂದಿದ್ದೆ," ಎಂದ ದಾಸಪ್ಪ.

ದಾರ ಬಿಚ್ಚಿ, ಲಕ್ಷ್ಮಯ್ಯನ ಬೀಡಿಯ ಕೆಂಡದಿಂದ ತೂತಿನ ಬಣ್ಣ ಸುಟ್ಟು, ಮೊಳೆಯಿಂದ ಕೆರೆದು, ಜೇಬಿನಲ್ಲಿದ್ದ ಉಪ್ಪುಕಾಗದದ ಚೂರಿನಿಂದ ಉಜ್ಜಿ, ರಾಮಾಂಜಿನಪ್ಪ ಕೊನೆಯ ಜಿಗ್ಗನ್ನು ಬೀಸಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆರೆಯೇ ಒಂದು ಸಲ ಜಗ್ಗಿದ ಹಾಗಾಯಿತು. ಕೋಲು ಬಾಗಿತು, ರಾಟೆ ಕಿರ್ರೆಂದಿತು. ದಾರ ಕೀಳಲಿಲ್ಲ. ಮೀನು ಎಡಕ್ಕೆ ಓಡಿತು, ಬಲಕ್ಕೆ ಓಡಿತು. ದಾರ ಕೀಳಲಿಲ್ಲ. ಮೊಣಕಾಲುದ್ದ ನೀರಿಗಿಳಿದು ಅದನ್ನು ಕಿವಿರಿಗೆ ಕೈ ಹಾಕಿ ಎತ್ತಿದಾಗ, ಮೊಳಕ್ಕೂ ಮೀರಿದ ಕೊರಮೀನು ಅವನ ಕೆನ್ನೆಗೆ ಬಾಲದಿಂದ ಬಾರಿಸಿತು. ಅಂಥ ಸುಖದ ಏಟು ಅವನು ಜನ್ಮದಲ್ಲಿ ತಿಂದಿರಲಿಲ್ಲ. ಈಶ್ವರಮ್ಮ ಒಲೆ ಹಚ್ಚಲು ಮನೆಗೆ ಓಡಿದಳು.

ಸರಿಯಾಗಿ ಆಗಲೇ ಏರಿಯ ಮೇಲೆ ಲ್ಯಾಂಬ್ರೆಟ್ಟಾ ಸ್ಕೂಟರ್ ನಿಂತಿತು. ಪಾಪಯ್ಯನವರು ಹಸಿವಿನ ಜೊತೆ ಬೇಗನೆ ಬಂದಿದ್ದರು.

"ಭೇಷ್ ರಾಮಾಂಜಿನಪ್ಪ! ಸುಮ್ನೆ ಬಡಾಯಿ ಅಂದ್ಕೊಂಡಿದ್ದೆ. ನಿಜ್ವಾಗ್ಲೂ ಹಿಡ್ದುಬಿಟ್ರಲ್ಲ!"

ಇಲ್ಲಿಗೆ ಬಾಯಿ ಮುಚ್ಚಿದ್ದರೆ ಸಾಕಿತ್ತು. ಆದರೆ ಗೆದ್ದ ಮನುಷ್ಯನ ಬಾಯಿ ಮುಚ್ಚಿಸುವ ಮುಚ್ಚಳ ಇನ್ನೂ ಯಾವ ಕಾರ್ಖಾನೆಯಲ್ಲೂ ತಯಾರಾಗಿಲ್ಲ.

"ಸುಲಭ ಅಲ್ಲ ಸಾರ್! ಎಷ್ಟೋ ವಾರದಿಂದ ದಾರ ಕೀಳ್ತಿತ್ತು. ಯಾರಿಗೂ ಕಾರಣ ಗೊತ್ತಾಗ್ಲಿಲ್ಲ. ಕೊನೆಗೆ ನಾನೇ ಇನ್‌ಸ್ಪೆಕ್ಷನ್ ಮಾಡ್ದೆ. ತೂತಿನೊಳಗೆಲ್ಲ ಬಣ್ಣ ಹೋಗಿ ಗಟ್ಟಿಯಾಗ್ಬಿಟ್ಟಿತ್ತು ಸಾರ್!"

"ಹೌದಾ? ಅಷ್ಟು ದರಿದ್ರವಾಗಿ ಬಣ್ಣ ಬಳಿದೋನು ಯಾವನ್ರೀ?"

"ನಾನೇ ಸಾರ್," ಎಂದ ರಾಮಾಂಜಿನಪ್ಪ. ಹೇಳಿದ ಮೇಲೆ ಕೇಳಿಸಿಕೊಂಡ.

ಪಾಪಯ್ಯನವರ ಮುಖದ ನಗು ನಿಧಾನವಾಗಿ ಡ್ಯೂಟಿ ಮುಗಿಸಿ ಹೊರಟಿತು. "ತೂತಿಗೆ ಬಣ್ಣ ತುಂಬ್ಸಿ, ವಾರಗಟ್ಟಲೆ ಅದನ್ನ ನೋಡ್ದೇ ಇದ್ರಾ? ಇನ್‌ಸ್ಪೆಕ್ಟರ್ ವಿಷಯ... ಆಮೇಲೆ ನೋಡೋಣ ಬಿಡಿ. ಈಗ ಊಟ ಮಾಡೋಣ."

ರಾಮಾಂಜಿನಪ್ಪ ಮೀನನ್ನು ಎದೆಗವಚಿಕೊಂಡ. ಊಟವಾದರೂ ಉಳಿದಿದೆಯಲ್ಲ! ಮಸಾಲೆ ಬಾಯಿಗೆ ಬಿದ್ದರೆ ಪಾಪಯ್ಯನವರ ಮನಸ್ಸು ಕರಗಬಹುದು. ಹೊರಡಲು ತಿರುಗಿದಾಗ ನರಸಪ್ಪ ಎದುರಿಗೆ ನಿಂತಿದ್ದ. ಮೀನಿನ ಬಾಲ ಅವನ ಕೈಯಲ್ಲಿತ್ತು.

"ಸಾರ್, ಮೀನು ಕೊಡಿ."

"ಯಾಕೆ?"

"ಕೆರೆ ಅರಾಜು ಇಡ್ದಿರೋನು ನಾನು ಸಾರ್."

"ಮತ್ತೆ ಇಷ್ಟು ವಾರ ಸುಮ್ನಿದ್ದೆ? 'ಆಕಿ ಸಾರ್, ಆಕಿ ಸಾರ್' ಅಂತಿದ್ದೆ!"

"ಆಕೋದಕ್ಕೆ ನಂದೇನೂ ತಕರಾರಿಲ್ಲ ಸಾರ್, ಇಡಿಯೋದಕ್ಕೆ ಮಾತ್ರ." ನರಸಪ್ಪ ಬುಟ್ಟಿ ಬಗ್ಗಿಸಿ ತೋರಿಸಿದ. ಒಳಗೆ ಮೂರು ಕೊರಮೀನು, ಮೂರರ ಬಾಯಲ್ಲೂ ಕೇಸರಿ ಜಿಗ್ಗು. "ನೀವು ಗಾಳ ಚುಚ್ಚಿ ಕಳಿಸ್ತಿದ್ರಿ, ಅವು ಸುಸ್ತಾಗಿ ಜೊಂಡಿನತ್ರ ಬಂದು ನಿಂತ್ಕಂತಿದ್ವು. ನಿಮ್ ಬಣ್ಣ ನೀರೊಳಗೆ ಎಷ್ಟು ದೂರಕ್ಕೆ ಕಾಣ್ತದೆ ಅಂತೀರಿ! ಬರೀ ಕೈಲಿ ಎತ್ಕಂತಿದ್ದೆ. ನಾನು ಬಲೆ ನೀರಿಗೆ ಬಿಟ್ಟೇ ಎಷ್ಟೋ ದಿನ ಆಯ್ತು. ಇಂಗೆ ಎಲ್ಲಾ ಸಲೀಸಾಗಿ ನಡೀತಿರೋವಾಗ ಅದನ್ಯಾಕ್ ಸಾರ್ ರಿಪೇರಿ ಮಾಡೋಕ್ ಓದ್ರಿ?"

ಪಾಪಯ್ಯನವರು ಬುಟ್ಟಿಯೊಳಗೆ ಇಣುಕಿದರು. ಅವರ ನಾಲಿಗೆ ಅವರ ತಲೆಗೆ ಏನೋ ಪಿಸುಗುಟ್ಟಿತು. ರಾಮಾಂಜಿನಪ್ಪನ ಮೀನೂ ಸೇರಿ ಬುಟ್ಟಿಯ ನಾಲ್ಕನ್ನೂ ಅಲ್ಲೇ ಕೊಂಡು ಸ್ಕೂಟರಿಗೆ ಕಟ್ಟಿಸಿಕೊಂಡರು. "ಮನೇಲಿ ಹೆಂಡತಿ ಕೈಯಲ್ಲೇ ಮಾಡುಸ್ತೀನಿ. ನಿಮಗೆ ಯಾಕೆ ಸುಮ್ನೆ ತೊಂದ್ರೆ?" ಎನ್ನುತ್ತ ಕಿಕ್ ಹೊಡೆದು, ವೈಟ್‌ಫೀಲ್ಡ್ ರಸ್ತೆಯ ಕಡೆಗೆ ತಿರುಗಿಸಿದರು.

ರಾಮಾಂಜಿನಪ್ಪ ಕೋಲು ಹೆಗಲಿಗಿಟ್ಟು ಮನೆಗೆ ನಡೆದ. ಬಾಗಿಲಲ್ಲೇ ಕೂತಿದ್ದ ಪಿಳ್ಳಮ್ಮ ಅಳಿಯನ ಊದಿದ ತುಟಿ, ಕೆಸರಿನ ಪಂಚೆ, ಬರಿಗೈ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಒಳಗೆ ಒಲೆಯ ಮೇಲೆ ಮಸಾಲೆ ಕುದಿಯುತ್ತಿತ್ತು.

"ಮೀನ್ ಸಿಕ್ತು ಅಂತ ಈಗಿನ್ನೂ ಅವಳು ಕುಣ್ಕಂಡ್ ಬಂದ್ಲಲ್ಲ. ಏನಾಯ್ತು?"

ನಡೆದದ್ದನ್ನು ನಡೆದ ಹಾಗೆ ಹೇಳಲು ರಾಮಾಂಜಿನಪ್ಪ ಬಾಯಿ ತೆರೆದ. ನರಸಪ್ಪನ ಬುಟ್ಟಿ, ಪಾಪಯ್ಯನವರ ಸ್ಕೂಟರು, "ನಾನೇ ಸಾರ್" ಎಂದ ತನ್ನ ನಾಲಿಗೆ, ಎಲ್ಲ ಕಣ್ಣ ಮುಂದೆ ಬಂದವು. ಬಾಯಿ ಮುಚ್ಚಿದ. ಕೋಲನ್ನು ಗೋಡೆಗೆ ಒರಗಿಸಿ ತಣ್ಣಗೆ ಹೇಳಿದ:

"ದಾರ ಕಿತ್ತೋಯ್ತು."