ದೇಶಕ್ಕಾಗಿ ನಾನು ತಿಂದ ಶೇಂಗಾ ಹೋಳಿಗೆ

ನಮ್ಮ ದೇಶದ ಬೀದಿ ನಾಯಿಗಳ ಸಮಸ್ಯೆಯನ್ನು ನಾನು ನಾಲ್ಕು ನಿಮಿಷದಲ್ಲಿ ಬಗೆಹರಿಸಿದ್ದೇನೆ. ಐದು ನಿಮಿಷ ಕೊಟ್ಟಿದ್ದರು. ಉಳಿದ ಒಂದು ನಿಮಿಷ ಚಪ್ಪಾಳೆಗೆ ಹೋಯಿತು.

ಶಹಾಪುರದ ನಮ್ಮ ಶಾಲೆಯಲ್ಲಿ ಭಾಷಣ ಸ್ಪರ್ಧೆ. ವಿಷಯ: ದೇಶದಲ್ಲಿ ಬೀದಿ ನಾಯಿಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಹೇಗೆ? ನಾನು ಮೇಜು ಕುಟ್ಟಿ ಹೇಳಿದೆ: ಹೊಡೆದು ಕೊಲ್ಲುವುದರಿಂದ ಆಗುವುದಿಲ್ಲ, ಹಿಡಿದು ಬೇರೆ ಊರಿಗೆ ಬಿಡುವುದರಿಂದಲೂ ಆಗುವುದಿಲ್ಲ. ಮರಿಯಾಗದಂತೆ ಆಪರೇಷನ್ ಮಾಡಿಸಿ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಇದ್ದ ಜಾಗಕ್ಕೇ ತಂದು ಬಿಡಬೇಕು. ಬೀದಿಯ ಕಸ ಬೀದಿಯಲ್ಲೇ ಕೊಳೆಯಲು ಬಿಡಬಾರದು. ಪ್ರಥಮ ಬಹುಮಾನ ನನಗೇ ಬಂತು! ಸ್ಪರ್ಧೆಯಲ್ಲಿ ಇದ್ದವರು ಮೂವರು. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ‘ಎಲ್ಲರಿಗೂ ನಮಸ್ಕಾರ’ ಆದ ಮೇಲೆ ಏನೂ ನೆನಪಾಗಲಿಲ್ಲ. ಆದರೂ ಪ್ರಥಮ ಅಂದರೆ ಪ್ರಥಮವೇ.

ಬಹುಮಾನ ಅಂದರೆ ಒಂದು ಸ್ಟೀಲ್ ತಾಟು. ಅದರ ಮೇಲೆ ನನ್ನ ಹೆಸರು ಕೊರೆಸಿದ್ದರು. ಶಾಲೆಯಿಂದ ನಮ್ಮ ಮನೆ ಹತ್ತು ನಿಮಿಷದ ದಾರಿ. ನಾನು ಇಡೀ ಬಜಾರು ಸುತ್ತಿ, ತಾಟನ್ನು ಎದೆಗೆ ಹಿಡಿದುಕೊಂಡು, ಒಂದು ತಾಸಿಗೆ ಮನೆ ಮುಟ್ಟಿದೆ. ಬಿಸಿಲು ಬಿದ್ದು ಅದು ಎಷ್ಟು ಹೊಳೆಯಿತೆಂದರೆ ಎದುರಿಗೆ ಬಂದ ಬಸ್ಸಿನವನು ಬ್ರೇಕ್ ಹಾಕಿದ. ನಾನು ಸುಳ್ಳು ಹೇಳುವ ಹುಡುಗ ಅಲ್ಲ. ಸ್ವಲ್ಪ ಉದ್ದ ಮಾಡುತ್ತೇನೆ, ಅಷ್ಟೆ.

ಓಣಿಯ ಬಾಯಲ್ಲೇ ಮಲ್ಲಣ್ಣ ಕಾಕಾನ ಕಿರಾಣಿ ಅಂಗಡಿ. ತಾಟು ನೋಡಿ ಕಾಕಾ ಕೈ ಮಾಡಿ ಕರೆದರು.

“ಏ ಭಾಷಣಕಾರ, ದೇಶ ಆಮ್ಯಾಲ ಇರಲಿ. ನಮ್ಮ ಕೆಂಚೀದು ಏನ್ ಮಾಡ್ತಿ ಹೇಳು.”

ಕೆಂಚಿ ನಮ್ಮ ಓಣಿಯ ಹೆಣ್ಣು ನಾಯಿ. ಯಾರ ಮನೆಯದೂ ಅಲ್ಲ, ಎಲ್ಲರ ಮನೆಯದೂ ಹೌದು. ವರ್ಷಕ್ಕೆ ಎರಡು ಸಲ ತಪ್ಪದೆ ಕಾಕಾನ ಅಂಗಡಿಯ ಅಕ್ಕಿ ಚೀಲಗಳ ಹಿಂದೆ ಮರಿ ಹಾಕುತ್ತಿತ್ತು. ಮರಿಗಳು ನಡೆಯಲು ಕಲಿತ ಕೂಡಲೇ ರಸ್ತೆಗೆ ಹೋಗುತ್ತಿದ್ದವು. ಹೆಚ್ಚಿನವು ಅಲ್ಲೇ ಗಾಡಿಗಳ ಕೆಳಗೆ ಮುಗಿಯುತ್ತಿದ್ದವು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಪ್ರತಿ ಸಲ ಅವನ್ನು ಸೆರಗಿನಲ್ಲಿ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದು, ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಇದರಲ್ಲಿ ನಾನು ಏನೂ ಉದ್ದ ಮಾಡಿಲ್ಲ.

“ನಾ ಟಂಟಂ ಆಟೋ ಹೇಳೀನಿ,” ಅಂದರು ಕಾಕಾ. “ಅಮಾಸಿ ಮರುದಿನ ಮಧ್ಯಾಹ್ನ ಕೆಂಚೀನ ಹತ್ತಿಸಿಕೊಂಡು ಹೋಗಿ ಹುಣಸಗಿ ಕಡಿ ಕೆನಾಲ್ ದಂಡಿಗೆ ಬಿಟ್ಟು ಬರೂದ. ನನ್ನ ಅಂಗಡಿ ಏನು ಹೆರಿಗಿ ದವಾಖಾನಿ ಅಲ್ಲ!”

“ಹೋದ ವರ್ಷ ಕರಿಯಾನ್ನ ಹಂಗೇ ಬಿಟ್ಟು ಬಂದ್ರಲ್ಲ ಕಾಕಾ? ಎಂಟು ದಿನದಾಗ ಬಸ್ ಸ್ಟ್ಯಾಂಡ್ ಕಡಿಂದ ಎರಡು ಹೊಸಾವು ಬಂದು ಕುಂತ್ವು. ಒಂದು ಹೋದ್ರ ಆ ಜಾಗಾಕ್ಕ ಇನ್ನೊಂದು ಬರತೈತ್ರಿ. ಅದೇ ದಿನ ದನದ ದವಾಖಾನ್ಯಾಗ ನಾಯಿ ಆಪರೇಷನ್ ಕ್ಯಾಂಪ್ ಐತಿ. ಯಾದಗಿರಿಯಿಂದ ಡಾಕ್ಟರ್ ಮೇಡಂ ಬರಾಕತ್ತಾರ. ಕೆಂಚಿ ಜವಾಬ್ದಾರಿ ನಂದು!”

ಕಾಕಾ ತಕ್ಕಡಿಯಲ್ಲಿ ಬೇಳೆ ತೂಗುವಂತೆ ನನ್ನ ಮಾತನ್ನು ತೂಗಿದರು. “ಆತು. ಟಂಟಂ ಹೆಂಗೂ ಬರತೈತಿ. ಆಪರೇಷನ್ ಆದ್ರ ಕೆಂಚಿ ಓಣ್ಯಾಗ ಇರಲಿ, ನಾ ಕೆಮ್ಮಂಗಿಲ್ಲ. ಡಾಕ್ಟರ್ ಒಲ್ಲೆ ಅಂದ್ರ ಅಲ್ಲಿಂದ ಸೀದಾ ಕೆನಾಲ್!”

ಎದುರಿಗೆ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ಆಯಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. “ಶರಣ್ಯಾ, ಖರೇನ ಆಗತೈತೇನೋ?”

“ಆಯಿ, ದೇಶದ್ದೇ ಬಗಿಹರಿಸೀನಿ. ಓಣೀದು ಯಾವ ಲೆಕ್ಕ!”

ಹೆಸರು ಬರೆಸಲು ದನದ ದವಾಖಾನೆಗೆ ಹೋದೆ. ಅಲ್ಲಿಯ ಕಂಪೌಂಡರ್ ಒಂದೇ ಒಂದು ಷರತ್ತು ಹೇಳಿದ. “ಬೆಳಗಿನಿಂದ ಅದಕ್ಕ ಒಂದು ತುತ್ತೂ ಹಾಕಬಾರದು. ಹೊಟ್ಯಾಗ ಏನರ ಇತ್ತಂದ್ರ, ಎಚ್ಚರ ತಪ್ಪಿಸೂ ಇಂಜೆಕ್ಷನ್ ಕೊಟ್ಟಾಗ ವಾಂತಿ ಆಗಿ ಉಸಿರು ಕಟ್ಟತೈತಿ. ಮೇಡಂ ಮುಟ್ಟಂಗೇ ಇಲ್ಲ, ವಾಪಸ್ ಕಳಸ್ತಾರ.”

ನಾನು ನಕ್ಕೆ. ಊಟ ಹಾಕಬಾರದು! ಇದೂ ಒಂದು ಕೆಲಸವೇ? ಕೆಲಸ ಮಾಡದೆ ಇರುವುದರಲ್ಲಿ ನನಗೆ ಹುಟ್ಟಿದಾಗಿನಿಂದ ಅನುಭವ ಇದೆ.

ಕ್ಯಾಂಪಿನ ದಿನ ಶಾಲೆಗೆ ರಜೆ ಹಾಕಿದೆ. ದೇಶಕ್ಕಾಗಿ. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದಾಗ ಮೂಗಿಗೆ ಒಂದು ವಾಸನೆ ಬಡಿಯಿತು.

ಹಿಂದಿನ ದಿನ ಎಳ್ಳಮಾಸಿ. ನಮ್ಮ ಕಡೆ ಎಳ್ಳಮಾಸಿಗೆ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುತ್ತೇವೆ. ಮನೆಯಲ್ಲಿ ಐದು ಮಂದಿ ಇದ್ದರೆ ಐವತ್ತು ಮಂದಿಗೆ ಮಾಡುತ್ತಾರೆ. ದಾರಿಯಲ್ಲಿ ಸಿಕ್ಕವರಿಗೆ, ಸಿಗದೆ ಹೋದವರಿಗೆ, ಎಲ್ಲರಿಗೂ ಸೇರಿಸಿ. ಹಾಗಾಗಿ ಮರುದಿನ ಪ್ರತಿ ಮನೆಯಲ್ಲೂ ಸೊಪ್ಪು, ಕಾಳು ಎಲ್ಲ ಹಾಕಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ರಾಶಿ ರಾಶಿ ಉಳಿದಿರುತ್ತದೆ. ಉಳಿದದ್ದೆಲ್ಲ ಯಾರಿಗೆ? ಕೆಂಚಿಗೆ! ವರ್ಷಪೂರ್ತಿ ಅದು ಕಾಯುವ ದಿನ ಇದೊಂದೇ. ಕ್ಯಾಂಪಿನ ದಿನ ಗೊತ್ತು ಮಾಡಿದವರು ಖಂಡಿತ ನಮ್ಮ ಕಡೆಯವರಲ್ಲ.

ಯಾರ ತಾಟೂ ಅದರ ಮುಂದೆ ಇಳಿಯುವ ಮೊದಲೇ ನಾನು ಓಡಿ ಕೆಂಚಿಯನ್ನು ಹಿಡಿದು ತಂದು ನಮ್ಮ ಅಂಗಳದ ಕಂಬಕ್ಕೆ ಕಟ್ಟಿದೆ. ಅಷ್ಟರಲ್ಲಿ ಹಿಂದಿನಿಂದ ಬಳೆ ಸಪ್ಪಳ. ಆಯಿ! ಕೈಯಲ್ಲಿ ಭಜ್ಜಿ, ರೊಟ್ಟಿ, ಹೋಳಿಗೆ.

“ಆಯಿ, ಬ್ಯಾಡ! ಅದಕ್ಕ ಅರಿವಳಿಕೆ ಕೊಡ್ತಾರ!”

“ಅವರು ಏನರ ಕೊಡಲಿ. ನಾ ಹೋಳಿಗಿ ಕೊಡ್ತೀನಿ.”

“ಹೊಟ್ಯಾಗ ಅನ್ನ ಇದ್ರ ಡಾಕ್ಟರ್ ಮುಟ್ಟಂಗಿಲ್ಲಾ! ಒಳಗ ಒಯ್ಯಿ.”

“ನಾಯಿಗಂತ ಹೊಸ್ತಿಲ ದಾಟಿಸಿದ್ದು ಮತ್ತ ಒಳಗ ಒಯ್ಯೂದೇನೋ? ಬಾಯಿ ಇಲ್ಲದ ಜೀವದ್ದು ಕಸಗೊಂಡಂಗ ಆಗತೈತಿ.”

ತಿಪ್ಪೆಗೆ ಹಾಕೋಣ ಅಂದೆ. ಆಯಿ ನೋಡಿದ ನೋಟಕ್ಕೆ ನಾನೇ ತಿಪ್ಪೆಗೆ ಬಿದ್ದಂತಾಯಿತು. ಓಣಿಯ ಆಕಳ ಮುಂದೆ ಹಿಡಿದೆ. ಅದು ಬೆಳಗಿನಿಂದ ನಾಲ್ಕು ಮನೆಯ ರೊಟ್ಟಿ ಮೇಯ್ದು ಬಂದಿತ್ತು. ಮೂಸಿ ನೋಡಿ ಮುಖ ತಿರುಗಿಸಿತು. ಇನ್ನು ಉಳಿದದ್ದು ಒಂದೇ ಬಾಯಿ.

ನಾನು ತಿಂದೆ. ಸುಳ್ಳು ಯಾಕೆ, ಮೊದಲನೆಯ ಹೋಳಿಗೆ ಬಹಳ ರುಚಿ ಇತ್ತು. ದೇಶಸೇವೆ ಇಷ್ಟು ಸಿಹಿ ಅಂತ ಯಾರೂ ಹೇಳಿರಲಿಲ್ಲ.

ಆದರೆ ಕೆಂಚಿ ಅದನ್ನು ನೋಡಿತು. ತನ್ನ ಪಾಲಿನ ಹೋಳಿಗೆ ನನ್ನ ಗಂಟಲಲ್ಲಿ ಇಳಿಯುವುದನ್ನು ಕಣ್ಣಾರೆ ನೋಡಿ, ಮುಖ ಮೇಲೆತ್ತಿ ಒಂದು ಊಳಿಟ್ಟಿತು. ಆ ಊಳು ಪಕ್ಕದೂರು ಸಗರದವರೆಗೆ ಕೇಳಿಸಿರಬೇಕು. ಓಣಿಯ ಬಾಗಿಲುಗಳು ಪಟಪಟ ತೆರೆದವು. ಬಾಗಿಲಿಗೊಂದು ಹೆಣ್ಣುಮಗಳು, ಕೈಗೊಂದು ತಾಟು!

ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ನೀಲಮ್ಮ ಚಿಗವ್ವ. “ಪಾಪ, ಹಸಿದು ಒದರಾಕತ್ತೈತಿ. ಕಟ್ಟಿಹಾಕಿದವ ಯಾಂವ?”

“ನಾನ ಚಿಗವ್ವ. ಇವತ್ತ ಅದರದು ಆಪರೇಷನ್ ಐತಿ. ಏನೂ ಹಾಕಬ್ಯಾಡ್ರಿ.”

“ಆಪರೇಷನ್ ಐತಿ ಅಂದ್ರ ಹೊಟ್ಟಿ ತುಂಬ ಉಣಿಸಬೇಕೋ ಹುಚ್ಚಾ! ರಕ್ತ ಹೋಗತೈತಿ, ಕಸುವು ಬೇಕಲ್ಲ?” ಎರಡು ಕಡುಬು ಮುಂದೆ ಬಂದವು.

ತಾಟು ಕೆಂಚಿಯ ಮುಂದೆ ಇಳಿಯುವ ಮೊದಲೇ ನಾನು ಎರಡನ್ನೂ ಬಾಯಿಗೆ ಹಾಕಿಕೊಂಡೆ. ಆಮೇಲೆ ಒಬ್ಬರ ಹಿಂದೆ ಒಬ್ಬರು. ರೊಟ್ಟಿ ಬಂತು, ತಿಂದೆ. ಭಜ್ಜಿ ಬಂತು, ಕುಡಿದೆ. ಹೋಳಿಗೆ ಬಂತು, ನುಂಗಿದೆ. ಕೆಂಚಿ ಪ್ರತಿ ತುತ್ತಿಗೂ ಒಂದು ಊಳಿಡುತ್ತಿತ್ತು. ಪ್ರತಿ ಊಳಿಗೂ ಒಂದು ಹೊಸ ತಾಟು ಬರುತ್ತಿತ್ತು. ಗಿರಣಿ ಹೀಗೆಯೇ ನಡೆಯುವುದು ಅಂತ ಕಾಣುತ್ತದೆ.

ಕೊನೆಗೆ ನನ್ನ ಹತ್ತಿರ ಇದ್ದ ಏಕೈಕ ಅಸ್ತ್ರ ತೆಗೆದೆ. ಕಟ್ಟೆಯ ಮೇಲೆ ಹತ್ತಿ ನಿಂತು ಪ್ರಥಮ ಬಹುಮಾನದ ಭಾಷಣ ಶುರು ಮಾಡಿದೆ. “ಮಾನ್ಯರೇ, ಸಂತಾನಹರಣ ಶಸ್ತ್ರಚಿಕಿತ್ಸೆಯೊಂದೇ ವೈಜ್ಞಾನಿಕ ಮಾರ್ಗ! ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಾಣಿಯು ನಿರಾಹಾರ ಸ್ಥಿತಿಯಲ್ಲಿ...” ಎಲ್ಲರೂ ಬಾಯಿ ತೆರೆದು ಕೇಳಿದರು. ಗೆದ್ದೆ ಅಂದುಕೊಂಡೆ. ನೀಲಮ್ಮ ಚಿಗವ್ವ ಕಣ್ಣೊರೆಸಿಕೊಂಡಳು.

“ಪಾಪ, ಒದರಿ ಒದರಿ ಕೂಸಿನ ಗಂಟಲ ಒಣಗ್ಯಾದ. ತಡಿ, ಮಜ್ಜಿಗಿ ತರ್ತೀನಿ.”

ದೊಡ್ಡ ಚರಿಗೆಯ ತುಂಬ ಮಜ್ಜಿಗೆ. ಅದನ್ನೂ ಕುಡಿದೆ. ಕೆಳಗಿಟ್ಟರೆ ಕೆಂಚಿ ಕುಡಿಯುತ್ತದಲ್ಲ!

ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗಿಯ ಎರಡು ಗುಂಡಿ ಹಾರಿ ಹೋಗಿದ್ದವು. ನಮ್ಮೂರ ಬೆಟ್ಟ ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ, ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಹೊತ್ತಿನಲ್ಲಿ ನಾನು ಅಂಗಳದಲ್ಲಿ ಅಂಗಾತ ಮಲಗಿದ್ದರೆ ಅವರಿಗೆ ಯಾವುದು ಬೆಟ್ಟ ಅಂತ ತಿಳಿಯುತ್ತಿರಲಿಲ್ಲ. ಆದರೆ ಕೆಂಚಿಯ ಹೊಟ್ಟೆ ಖಾಲಿ! ಬೆಳಗಿನಿಂದ ಒಂದು ಚೂರೂ ಹೋಗಿಲ್ಲ. ದೂರದಲ್ಲಿ ಟಂಟಂ ಸಪ್ಪಳ ಕೇಳಿಸಿತು. ನಾನು ಹಗ್ಗ ಬಿಚ್ಚಿದೆ.

ಆಗ ಆಯಿ ಬಂದಳು. ಖಾಲಿ ಕೈ. ನನಗೆ ಸಮಾಧಾನವಾಯಿತು. ಆಯಿ ಕೆಂಚಿಯ ತಲೆ ಸವರಿ, “ಹೋಗಿ ಬಾ ಅವ್ವ,” ಅನ್ನುತ್ತಾ ಬಗ್ಗಿದಳು. ಸೆರಗಿನೊಳಗಿಂದ ಒಂದು ಶೇಂಗಾ ಹೋಳಿಗೆ ಜಾರಿ ನೆಲಕ್ಕೆ ಬಿತ್ತು!

ಕೆಂಚಿ ನೋಡಿತು. ನಾನೂ ನೋಡಿದೆ. ಹೋಳಿಗೆ ಇಬ್ಬರಿಗೂ ಸಮ ದೂರದಲ್ಲಿತ್ತು. ಕೆಂಚಿಗೆ ನಾಲ್ಕು ಕಾಲು. ಎರಡು ಕಾಲಿನವನು ಗೆಲ್ಲುವ ಸಾಧ್ಯತೆ ಇರಲಿಲ್ಲ. ನಾನೂ ನಾಲ್ಕು ಮಾಡಿಕೊಂಡೆ. ಅಂಗೈ ಊರಿ, ಮಂಡಿ ಊರಿ, ಧೂಳಿನಲ್ಲಿ ಜಾರಿ, ಕೆಂಚಿಯ ಮೂಗು ತಾಗುವ ಮೊದಲೇ ಹೋಳಿಗೆಯನ್ನು ಬಾಯಲ್ಲಿ ಕಚ್ಚಿ ಹಿಡಿದೆ. ಕೆಂಚಿ ಸೋಲೊಪ್ಪಿ ಹಿಂದಿನ ಕಾಲಿನ ಮೇಲೆ ಕುಳಿತು ಮರ್ಯಾದೆಯಿಂದ ನನ್ನನ್ನು ನೋಡಿತು.

ತಲೆ ಎತ್ತಿದರೆ ಎದುರಿಗೆ ಟಂಟಂ. ಅದರಲ್ಲಿ ಮಲ್ಲಣ್ಣ ಕಾಕಾ. ಅವರು ಕೆಂಚಿಯನ್ನು ನೋಡಿದರು, ಹೋಳಿಗೆ ಕಚ್ಚಿಕೊಂಡು ನಾಲ್ಕು ಕಾಲಲ್ಲಿ ನಿಂತ ನನ್ನನ್ನೂ ನೋಡಿದರು.

“ಆಯಿ, ಇವೆರಡರಾಗ ಯಾವುದನ್ನ ಹತ್ತಿಸಬೇಕ್ರಿ?”

ಇಬ್ಬರನ್ನೂ ಹತ್ತಿಸಿದರು. ಆಯಿಯೂ ಬಂದಳು. ದಾರಿಯ ಪ್ರತಿ ತಗ್ಗಿಗೂ ನನ್ನ ಹೊಟ್ಟೆಯೊಳಗೆ ಇಡೀ ಓಣಿ ಕುಣಿಯಿತು.

ದವಾಖಾನೆಯಲ್ಲಿ ಡಾಕ್ಟರ್ ಮೇಡಂ ಕೆಂಚಿಯ ಹೊಟ್ಟೆ ಒತ್ತಿ ನೋಡಿದರು. ಕಾಕಾ ಬಾಗಿಲಲ್ಲೇ ನಿಂತಿದ್ದರು, ಆಯಿ ಕೆಂಚಿಯ ಹಗ್ಗ ಹಿಡಿದಿದ್ದಳು.

“ಬೆಳಗಿನಿಂದ ಏನೂ ತಿಂದಿಲ್ಲ ಹೌದಲ್ರಿ? ಛಲೋ ತಂದೀರಿ. ಒಳಗ ತಗೋರಿ.” ಆಮೇಲೆ ಮೇಡಂ ಗೋಡೆಗೆ ಆತುಕೊಂಡಿದ್ದ ನನ್ನ ಹೊಟ್ಟೆಯ ಕಡೆ ನೋಡಿದರು. “ಇದರಾಗ ಎಷ್ಟು ಮರಿ ಅದಾವ್ರಿ?”

ಕಾಕಾ ನಕ್ಕ ರಭಸಕ್ಕೆ ಪಕ್ಕದಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡಿತು.

ಮೇಡಂ ಆಯಿಯನ್ನು ಕೂರಿಸಿ ಸಮಾಧಾನವಾಗಿ ಹೇಳಿದರು. “ಹೆದರಬ್ಯಾಡ್ರಿ ಆಯಿ. ನಾಲ್ಕು ದಿನದಾಗ ವಾಪಸ್ ತಂದು ನಿಮ್ಮ ಓಣ್ಯಾಗೇ ಬಿಡ್ತೀವಿ. ಆಪರೇಷನ್ ಆಗೇದ ಅಂತ ಗೊತ್ತಾಗಲಿ ಅಂತ ಕಿವಿ ತುದಿ ಒಂಚೂರು ಕತ್ತರಿಸಿರ್ತೀವಿ, ಅಷ್ಟೇ. ಇವತ್ತ ಒಂದು ದಿನ ಉಪವಾಸ ಇದ್ದದ್ದು ಅದರ ಜೀವಕ್ಕ ಛಲೋ ಆತು.”

ಆಯಿ ತಿರುಗಿ ನನ್ನನ್ನು ನೋಡಿದಳು. “ಉಪವಾಸಾ? ಲೇ ಶರಣ್ಯಾ, ಇವತ್ತ ಕೆಂಚಿದು ಉಪವಾಸ ಐತಿ ಅಂತ ಒಂದು ಮಾತ ಹೇಳಾಕ ಏನಾಗಿತ್ತೋ ನಿನಗ? ಸೋಮವಾರ ಬಂದ್ರ ಅರ್ಧ ಓಣಿ ಉಪವಾಸ ಇರತೈತಿ. ಯಾರರ ಒಬ್ಬರದು ಉಪವಾಸ ಕೆಡಸ್ತಾರೇನು? ಅದೇನು ಅರಿವಳಿಕೆ, ನಿರಾಹಾರ, ಸುಡುಗಾಡು ಅಂತ ಒದರಿದಿ!”

ನನ್ನ ಅಂಗಿಯ ಮೂರನೆಯ ಗುಂಡಿಯೂ ಆಗಲೇ ಹಾರಿತು.

ಮುಂದಿನ ಕ್ಯಾಂಪಿಗೆ ಆಯಿಯೇ ಮುಖಂಡೆಯಾದಳು. “ನಾಳೆ ಬಸ್ ಸ್ಟ್ಯಾಂಡ್ ನಾಯಿ ಲಾಲೀದು ಉಪವಾಸ, ನೆನಪಿರಲಿ,” ಅಂತ ಹಿಂದಿನ ದಿನವೇ ಮನೆ ಮನೆಗೆ ಹೇಳಿ ಬಂದಳು. ಒಂದು ತುಣುಕು ರೊಟ್ಟಿ ಹೊರಗೆ ಬೀಳಲಿಲ್ಲ. ಕಾಕಾ ತಾವೇ ಟಂಟಂ ಹೇಳಿದರು. ಸುತ್ತಲಿನ ಓಣಿಯವರೂ ಆಯಿಯನ್ನು ಕೇಳಿಕೊಂಡು ಬರತೊಡಗಿದರು. ಈ ಸಲ ಅಕ್ಕಿ ಚೀಲಗಳ ಹಿಂದೆ ಅಕ್ಕಿ ಚೀಲಗಳೇ ಇವೆ. ಆಯಿ ಈ ವರ್ಷ ಯಾವ ಮರಿಯನ್ನೂ ಮಣ್ಣು ಮಾಡಿಲ್ಲ. ಒಂದು ಓಣಿಗೆ ಒಬ್ಬ ಆಯಿ ಸಿಕ್ಕರೆ ದೇಶದ ಲೆಕ್ಕ ಮುಗಿಯಿತು ಅಂತ ನನ್ನ ಹೊಸ ಭಾಷಣ. ಅದಕ್ಕೆ ಒಂದು ನಿಮಿಷವೂ ಬೇಕಿಲ್ಲ.

ಆದರೆ ಕೆಂಚಿ ವಾಪಸ್ ಬಂದ ದಿನದ ಮಾತು ಹೇಳದೆ ಇದು ಮುಗಿಯುವುದಿಲ್ಲ. ಅಲ್ಲಿಯವರೆಗೆ ನಾನು ಹಾಸಿಗೆ ಹಿಡಿದಿದ್ದೆ. ಮನುಷ್ಯರ ಡಾಕ್ಟರು ಗಂಜಿ ನೀರು ಬಿಟ್ಟು ಏನೂ ಕೊಡಬೇಡಿ ಅಂದಿದ್ದರು. ಕೆಂಚಿ ಟಂಟಂನಿಂದ ಠೀವಿಯಿಂದ ಇಳಿಯಿತು. ಕಿವಿಯ ತುದಿ ಒಂಚೂರು ಇಲ್ಲ, ನಡಿಗೆಯಲ್ಲಿ ಮಾತ್ರ ಪದಕ ಗೆದ್ದು ಬಂದ ಗತ್ತು. ಆಯಿ ಒಳಗೆ ಹೋಗಿ ಹಾಲು ರೊಟ್ಟಿ ಕಲಸಿ ತಂದಿಟ್ಟಳು. ಯಾವುದರಲ್ಲಿ? ಪ್ರಥಮ ಬಹುಮಾನದ ತಾಟಿನಲ್ಲಿ!

ಅಷ್ಟರಲ್ಲಿ ನೀಲಮ್ಮ ಚಿಗವ್ವ ಬಿಸಿ ಬಿಸಿ ಹೋಳಿಗೆ ತಂದಳು. ನಾನು ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದೆ. ನನ್ನ ಮುಖ ನೋಡಿ ಅವಳ ಕರುಳು ಚುರ್ ಅಂದಿರಬೇಕು. “ಪಾಪ, ಹಸದಾನ. ಇವಗೊಂದು ಹಾಕಲೇನು ಆಯಿ?”

ಆಯಿ ತಲೆಯೆತ್ತದೆ ಹೇಳಿದಳು. “ಬ್ಯಾಡ. ಇವತ್ತ ಅವಂದು ಉಪವಾಸ ಐತಿ.”

ಚಿಗವ್ವ ಹೋಳಿಗೆಯನ್ನು ತಕ್ಷಣ ಸೆರಗಿನಲ್ಲಿ ಮುಚ್ಚಿಕೊಂಡಳು. ಕೈ ಮುಗಿದರೂ ಕೊಡಲಿಲ್ಲ. ಕೆಂಚಿ ನನ್ನ ಹೆಸರು ಕೊರೆದ ತಾಟನ್ನು ನೆಕ್ಕುತ್ತಾ ನೆಕ್ಕುತ್ತಾ ನನ್ನ ಕಡೆ ನೋಡಿತು. ನಾನು ಮುಖ ಮೇಲೆತ್ತಿ ಒಂದು ಊಳಿಟ್ಟೆ.

ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ.