ಸೋರದ ಮನೆಗೆ ಸಬ್ಸಿಡಿಯಿಲ್ಲ

ನಾನು ಮದುವೆಯಾಗಿದ್ದು ಆರ್ವಿಡ್‌ನನ್ನೋ, ಅಮೆರಿಕದ ಸರೋವರದಂಚಿನ ಊರು ಡುಲೂತ್‌ನಲ್ಲಿರುವ ಅವನ ಅಜ್ಜನ ಕಾಲದ ಮರದ ಮನೆಯನ್ನೋ ಎಂಬುದು ಇಪ್ಪತ್ತಮೂರು ವರ್ಷವಾದರೂ ಇತ್ಯರ್ಥವಾಗಿಲ್ಲ. ಇಬ್ಬರನ್ನೂ ಬೆಚ್ಚಗಿಡುವ ಹೊಣೆ ನನ್ನದೇ. ಇಬ್ಬರೂ ಗೊರಕೆ ಹೊಡೆಯುತ್ತಾರೆ. (ಮನೆ ಮಾತ್ರ ಸರೋವರದ ಕಡೆಯಿಂದ ಗಾಳಿ ಬೀಸಿದಾಗಷ್ಟೇ ಹೊಡೆಯುತ್ತದೆ.)

ನಮ್ಮ ಮನೆಯ ಸಂದಿಗಳಲ್ಲಿ ಇಡೀ ವ್ಯಾಕರಣವೇ ಇದೆ. ಕಿಟಕಿ ಚೌಕಟ್ಟಿನಿಂದ ಚಳಿ ಒಳಗೆ ಬರುವುದು ಆಗಮಸಂಧಿ. ಹೀಟರಿನ ಬಿಸಿ ಅಟ್ಟದ ಮೂಲಕ ಮಾಯವಾಗುವುದು ಲೋಪಸಂಧಿ. ಆರಾಮಕುರ್ಚಿಯಲ್ಲಿ ಕಾಲು ಚಾಚಿಕೊಂಡು ಗಂಡ, "ಮಾರ್ಲಿ, ಎಲ್ಲಿಂದಲೋ ಗಾಳಿ ಬರ್ತಿದೆ ನೋಡು" ಎನ್ನುವುದು ಆದೇಶಸಂಧಿ. ಪ್ರತಿ ಅಕ್ಟೋಬರಿನಲ್ಲಿ ಈ ಸಂದಿಗಳಿಗೆ ಚಿಂದಿ ತುರುಕುವವಳು ನಾನು. ಹಳೆಯ ಕಾಲುಚೀಲ, ಹರಿದ ಸ್ವೆಟರಿನ ಉಣ್ಣೆ, ಟೇಪು. ಬಾಗಿಲುಗಳ ಬುಡಕ್ಕೆ ನಾನೇ ಹೊಲಿದು ಮರಳು ತುಂಬಿದ ಒಂಬತ್ತು ಬಟ್ಟೆಹಾವುಗಳು.

ಈ ಸಲ ಗ್ಯಾಸ್ ಬಿಲ್ಲಿನ ಜೊತೆ ಒಂದು ಚೀಟಿ ಬಂತು. ಹಳೆಯ ಮನೆಯ ಸಂದಿ ಮುಚ್ಚಿಸಿ, ಗೋಡೆ ಅಟ್ಟಗಳಿಗೆ ಹತ್ತಿಯಂಥ ಹೊದಿಕೆ ತುಂಬಿಸಿದರೆ ಖರ್ಚಿನ ಮುಕ್ಕಾಲು ಪಾಲು ಸಬ್ಸಿಡಿ. ಮೊದಲು ಅವರ ಕಡೆಯವರು ಬಂದು ಮನೆ ಎಷ್ಟು ಸೋರುತ್ತದೆಂದು ಅಳೆಯುತ್ತಾರೆ.

"ಆರ್ವಿಡ್, ಇದೊಂದು ಸಿಕ್ಕಿಬಿಟ್ರೆ ಈ ಜನ್ಮದಲ್ಲಿ ನಾನು ಮತ್ತೆ ಚಿಂದಿ ಮುಟ್ಟಲ್ಲ."

"ಅಷ್ಟೇನೂ ಕೆಟ್ಟ ಯೋಚನೆಯಲ್ಲ," ಎಂದ.

(ನಮ್ಮೂರ ಗಂಡಸರ ಬಾಯಲ್ಲಿ ಇದು ಅತ್ಯುನ್ನತ ಪ್ರಶಸ್ತಿ. ನನ್ನ ಮದುವೆಯ ಉಡುಪಿಗೂ, ಹುಟ್ಟಿದ ಮಗಳ ಮುಖಕ್ಕೂ ಸಿಕ್ಕಿದ್ದು ಇದೇ. ಸಂದಿ ಮುಚ್ಚುವ ನನ್ನ ಕೆಲಸಕ್ಕೆ ಮಾತ್ರ ಇದೂ ಸಿಕ್ಕಿರಲಿಲ್ಲ.)

ಒರೆಸುವವಳು ಬರುವ ಮೊದಲೇ ನೆಲ ಒರೆಸಿಡುತ್ತಿದ್ದ ತಾಯಿಯ ಮಗಳು ನಾನು. ಸೋರುವ ಮನೆಯನ್ನು ಹೊರಗಿನವರಿಗೆ ತೋರಿಸುವುದುಂಟೇ? ಎರಡು ಭಾನುವಾರ ಮಂಡಿಯೂರಿ, ಹಿಂದೆಂದೂ ಇಲ್ಲದಷ್ಟು ಚೊಕ್ಕವಾಗಿ ಒಂದೊಂದು ಸಂದಿಯನ್ನೂ ಮುಚ್ಚಿದೆ. ಚಿಂದಿ ಕಾಣದಂತೆ ಮೇಲೆ ಮರದ ಬಣ್ಣದ ಟೇಪು ಬೇರೆ. ಹಾವುಗಳನ್ನೂ ಒಗೆದೆ.

ಅಳೆಯಲು ಬಂದವನ ಹೆಸರು ರಾಡ್ನಿ. ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು, ನಡುವೆ ದೊಡ್ಡ ಫ್ಯಾನು ಕೂರಿಸಿದ. ಅದು ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ಸಂದಿಗಳಿಂದ ಎಷ್ಟು ಗಾಳಿ ಒಳನುಗ್ಗಿತೆಂದು ಮೀಟರು ಹೇಳುತ್ತದೆ. ಫ್ಯಾನು ಭೋರ್ಗರೆಯಿತು. ನಮ್ಮ ಮನೆಯ ಒಂದು ಪರದೆಯೂ ಅಲುಗಲಿಲ್ಲ.

"ಈ ವಯಸ್ಸಿನ ಮನೆ ಇಷ್ಟು ಬಿಗಿಯಾಗಿರೋದು ನಾನು ನೋಡೇ ಇಲ್ಲ. ನೀವೇ ಮಾಡಿದ್ದಾ, ಸಾರ್?" ರಾಡ್ನಿ ಕೇಳಿದ್ದು ಆರ್ವಿಡ್‌ನನ್ನು.

"ಹೂಂ, ಅದೂ ಇದೂ ಮಾಡ್ತಾ ಇರ್ತೀವಿ," ಎಂದು ಆರ್ವಿಡ್ ವಿನಯದಿಂದ ಗ್ಯಾರೇಜಿನ ಕಡೆ ಜಾರಿಕೊಂಡ. ಆ ಬಹುವಚನವನ್ನು ಎಲ್ಲಿಂದ ಕಡ ತಂದನೋ.

ಅವನು ಹೋದ ಮೇಲೆ ರಾಡ್ನಿ ನನ್ನ ಕಡೆ ತಿರುಗಿದ. "ಆದ್ರೆ ಮೇಡಂ, ಸೋರದ ಮನೆಗೆ ಸಬ್ಸಿಡಿ ಇಲ್ಲ."

ನಾನು ಕಿಟಕಿಯ ಟೇಪು ಕಿತ್ತೆ. ಒಂದು ಹಸಿರು ಕಾಲುಚೀಲ ಹೊರಬಂತು. ಅದರ ಹಿಂದೆ ಅದರ ಜೋಡಿಯೂ ಬಂತು.

ರಾಡ್ನಿ ತಲೆ ಕೆರೆದುಕೊಂಡ. "ಯಂತ್ರ ಮನೇನ ಅಳೀಬೇಕಿತ್ತು ಮೇಡಂ. ಇದು ಅಳೆದಿರೋದು ನಿಮ್ಮನ್ನ. ಎಲ್ಲ ಕಿತ್ತುಹಾಕಿ. ಮುಂದಿನ ಗುರುವಾರ ಎರಡು ಗಂಟೆಗೆ ಬರ್ತೀನಿ, ಈ ವರ್ಷಕ್ಕೆ ಅದೇ ಕೊನೇ ದಿನ. ಅಲ್ಲೀವರೆಗೆ ದಯವಿಟ್ಟು ಏನೂ ಮಾಡಬೇಡಿ."

ಬಹುವಚನದ ಸಿಟ್ಟಿಗೆ ನಾನು ಆರ್ವಿಡ್ ಜೊತೆ ಒಂದು ವಾರ ಮಾತು ಬಿಟ್ಟೆ. ಬುಧವಾರ ಸಂಜೆ ಅವನೆದುರಿಗೇ ಚಿಂದಿಗಳನ್ನೆಲ್ಲ ಕಿತ್ತು ಬುಟ್ಟಿಗೆಸೆದೆ. ಗುರುವಾರ ಅವನಿಗೆ ರಜೆ. ನಾನು ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋದೆ. ಏನೂ ಮಾಡಬೇಡ ಎಂದು ಅವನಿಗೆ ಹೇಳಿ ಹೋಗಬೇಕೆಂದು ಹೊಳೆಯಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ.

ಎರಡು ಗಂಟೆಗೆ ಬಂದೆ. ಫ್ಯಾನು ಭೋರ್ಗರೆಯುತ್ತಿತ್ತು. ಪರದೆ ಅಲುಗುತ್ತಿರಲಿಲ್ಲ.

"ಹೋದ ಸಲಕ್ಕಿಂತ ಬಿಗಿ," ಎಂದ ರಾಡ್ನಿ, ಸಾವಿನ ಸುದ್ದಿ ಹೇಳುವವನಂತೆ.

ಕಿಟಕಿಗಳಲ್ಲಿ ಉಣ್ಣೆ ನೀಟಾಗಿ ಕೂತಿತ್ತು. ಟೇಪು ಗೆರೆ ಎಳೆದಷ್ಟು ನೇರ. ಒಂಬತ್ತು ಹಾವುಗಳೂ ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗಿದ್ದವು. ನಡುವೆ ಆರ್ವಿಡ್, ಕೂದಲ ತುಂಬ ಧೂಳು, ಹೆಬ್ಬೆರಳಿಗೆ ಅಂಟಿದ ಟೇಪು.

"ಏನು ಮಾಡಿದೆ ಮಾರಾಯ?"

"ನಿನ್ನ ಹೊಗಳಿಕೆ ನಾನು ಕದ್ದೆ ಅಂತ ತಾನೇ ನೀನು ಎಲ್ಲ ಕಿತ್ತೆಸೆದಿದ್ದು? ಅದಕ್ಕೇ ಬೆಳಿಗ್ಗೆ ಆರರಿಂದ ಕೂತು ಮಾಡಿದೆ. ನನ್ನ ಸೊಂಟ ಹೋಯ್ತು. ನೀನು ಪ್ರತಿ ವರ್ಷ ಇದನ್ನ ಹೇಗೆ ಮಾಡ್ತೀಯೆ?"

ಬೈಯಲು ತೆರೆದ ಬಾಯನ್ನು ರಾಡ್ನಿಯ ಕಡೆ ತಿರುಗಿಸಿದೆ. "ಕಾಫಿ ಕುಡೀತೀರಾ?" ಎಂದೆ. ಎರಡು ಸಲ ಬೇಡವೆಂದು ಮೂರನೇ ಸಲ ಒಪ್ಪುವುದು ನಮ್ಮೂರ ಮರ್ಯಾದೆ. ಸೋರದ ಮನೆಗೆ ಸಬ್ಸಿಡಿಯಿಲ್ಲವೆಂದು ಆರ್ವಿಡ್‌ನ ಕಿವಿಯಲ್ಲಿ ಹೇಳಿದೆ. ರಾಡ್ನಿ ಒಪ್ಪುವಷ್ಟರಲ್ಲೇ ನಾವಿಬ್ಬರೂ ಊಟದ ಕೋಣೆಯ ಚಿಂದಿ ಕಿತ್ತು ಮುಗಿಸಿದ್ದೆವು. ಅವನ ಲೋಟ ಖಾಲಿಯಾಗುವಾಗ ಇಡೀ ಮನೆ.

ಈ ಸಲ ಪರದೆಗಳು ಅಡ್ಡಡ್ಡ ಹಾರಿದವು. ಆರ್ವಿಡ್‌ನ ಪೇಪರು ಹಾಳೆ ಹಾಳೆಯಾಗಿ ಎದ್ದು ಕುಣಿಯಿತು. ರಾಡ್ನಿ ಮೀಟರು ನೋಡಿ ಶಿಳ್ಳೆ ಹಾಕಿದ. "ಜರಡಿ ಸಾರ್, ಶುದ್ಧ ಜರಡಿ." ಮನೆಯನ್ನು ಜರಡಿ ಎಂದದ್ದಕ್ಕೆ ಗಂಡ ಹೆಂಡತಿ ತಬ್ಬಿಕೊಂಡದ್ದು ಬಹುಶಃ ಅದೇ ಮೊದಲು. ಸಬ್ಸಿಡಿಯ ಕಾಗದಕ್ಕೆ ಅಲ್ಲೇ ಸಹಿ ಬಿತ್ತು.

ರಾಡ್ನಿ ಹೋದ ಮೇಲೆ ಚಿಂದಿಯ ಗುಡ್ಡೆಯ ಪಕ್ಕ ಕೂತು ಆರ್ವಿಡ್ ಮೆಲ್ಲಗೆ ಕೇಳಿದ: "ನನ್ನ ಕೆಲಸ ಹೇಗಿತ್ತು, ಮಾರ್ಲಿ?"

ಇಪ್ಪತ್ತಮೂರು ವರ್ಷ ಕಾದಿದ್ದ ಉತ್ತರ. "ಅಷ್ಟೇನೂ ಕೆಟ್ಟಿರಲಿಲ್ಲ," ಎಂದೆ.

ಅವನ ಮುಖ ಊರಗಲವಾಯಿತು. "ಹಾಗಾದ್ರೆ ಇನ್ಮೇಲೆ ಗಾಳಿ ಬರೋ ಸಂದಿ ಪೂರ್ತಿ ನಂದು. ನೀನು ಮುಟ್ಟಲೇಬಾರದು. ಬೇಕಾದ್ರೆ ಬದಲಿಗೆ ನನ್ನ ಪಾಲಿನ ಅಂಗಳದ ಹಿಮ ಎತ್ತೋದು ನೀನು ನೋಡ್ಕೋ."

ನಾನು ಕರಗಿಹೋಗಿದ್ದೆ. ಹೂಂ ಎಂದುಬಿಟ್ಟೆ.

ಮುಂದಿನ ಸೋಮವಾರ ಕೆಲಸದವರು ಬಂದು ಸಂದಿ, ಗೋಡೆ, ಅಟ್ಟ ಎಲ್ಲ ಮುಚ್ಚಿ ತುಂಬಿಸಿ ಹೋದರು. ಇರುವೆ ನುಸುಳುವಷ್ಟು ಸಂದಿಯೂ ಈಗ ಉಳಿದಿಲ್ಲ. ನಿನ್ನೆ ಮೊದಲ ಹಿಮ ಬಿತ್ತು, ಮಂಡಿಯುದ್ದ. ನಾನು ಸಲಿಕೆ ಹಿಡಿದು ಅಂಗಳದಲ್ಲಿ ನಿಂತಿದ್ದಾಗ ಒಳಗೆ ಆರ್ವಿಡ್ ಆರಾಮಕುರ್ಚಿಯಿಂದೆದ್ದ. ಕಿಟಕಿಯ ಅಂಚಿಗೆಲ್ಲ ಶ್ರದ್ಧೆಯಿಂದ ಕೈಯಾಡಿಸಿ ನೋಡಿ, ಎಲ್ಲ ಸರಿಯಿದೆಯೆಂದು ಹೆಬ್ಬೆರಳು ತೋರಿಸಿದ.

ನಾನು ಬಾಯಿಬಿಟ್ಟು ಏನೋ ಅಂದೆ. ಮನೆ ಎಷ್ಟು ಬಿಗಿಯಾಗಿದೆಯೆಂದರೆ ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ.